ಹಿನ್ನೆಲೆ ಮತ್ತು ಹಿಮ್ಮೇಳ

ಮಾತಿನ ಜೊತೆಗೆ ಸಂಗೀತ ನಿಲ್ಲುವ ಬಗೆಯನ್ನು ಹೇಳಲು ಕನ್ನಡದಲ್ಲಿ ಎರಡು ಪದಗಳಿವೆ: ಹಿಮ್ಮೇಳ ಮತ್ತು ಹಿನ್ನೆಲೆ. ಹಿಮ್ಮೇಳ ನಮ್ಮ ಆಟಗಳಿಂದ ಬಂದ ಮಾತು. ಯಕ್ಷಗಾನ, ದೊಡ್ಡಾಟ, ಸಣ್ಣಾಟ ಎಲ್ಲದರಲ್ಲೂ ಅದು ಇದೆ. ಹಿನ್ನೆಲೆ ಸಂಗೀತ ಸಿನಿಮಾ ಮತ್ತು ರೇಡಿಯೊಗಳ ಕಾಲದ ಬಳಕೆ. ಇವೆರಡೂ ಒಂದೇ ಎನ್ನುವ ಹಾಗೆ ಮಾತಾಡುತ್ತೇವೆ, ಆದರೆ ಇವುಗಳ ಸ್ವಭಾವ ಬೇರೆ. ಹಿಮ್ಮೇಳದವರು ಕಣ್ಣೆದುರೇ ಕೂತಿರುತ್ತಾರೆ. ಎದುರಿನ ಪಾತ್ರಧಾರಿ ಏನು ಹೇಳುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದನ್ನು ಗಮನಿಸುತ್ತ ಅವರು ತಮ್ಮ ಸರದಿಗಾಗಿ ಕಾಯುತ್ತಾರೆ. ಹಿನ್ನೆಲೆ ಸಂಗೀತಕ್ಕೆ ಆ ಕಿವಿ ಇಲ್ಲ. ಅದನ್ನು ಬೇರೆಲ್ಲೋ, ಬೇರೆ ಯಾವಾಗಲೋ ಮಾಡಿಟ್ಟಿರುತ್ತಾರೆ. ನಾವು ತಂದು ಮಾತಿನ ಕೆಳಗೆ ಹಾಸುತ್ತೇವೆ.

ಈ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಕಳೆದ ವರ್ಷ, ನನ್ನದೇ ಒಂದು ಪ್ರಬಂಧವನ್ನು ಆಡಿಯೊ ಕಥನವಾಗಿ ಮಾಡುವ ಕೆಲಸದಲ್ಲಿ. ಹನ್ನೊಂದು ನಿಮಿಷದ ಕಥನ ಅದು. ವಿಷಯ ನನ್ನ ಅಪ್ಪ. ಕೆಲಸ ಮುಗಿಯುವ ಹೊತ್ತಿಗೆ ನನ್ನ ಕೈಯಲ್ಲಿ ಮೂರು ಬೇರೆ ಬೇರೆ ಆವೃತ್ತಿಗಳಿದ್ದವು. ಮೂರರಲ್ಲೂ ಶಬ್ದಶಃ ಅವೇ ವಾಕ್ಯಗಳು, ಆದರೆ ಮೂರೂ ಒಬ್ಬನೇ ಮನುಷ್ಯನ ಬಗ್ಗೆ ಇರಲಿಲ್ಲ. ಅದು ಹೇಗೆ ಎಂದು ವಿವರಿಸುವುದೇ ಈ ಬರಹದ ಉದ್ದೇಶ. ಕನ್ನಡದಲ್ಲಿ ಇಂದು ಕಥೆ, ಪ್ರಬಂಧ, ನೆನಪುಗಳನ್ನು ಓದಿ ಮುದ್ರಿಸುವವರು ಬಹಳ ಮಂದಿ ಇದ್ದಾರೆ. ಕಾಲೇಜುಗಳಲ್ಲಿ ಅದು ಒಂದು ಚಟುವಟಿಕೆಯಾಗಿದೆ. ಆದರೆ ಕೇಳಿದ ಕಥೆಯನ್ನು ವಿಮರ್ಶೆ ಮಾಡುವಾಗ ನಾವು ಇನ್ನೂ ಅದರ ಅಕ್ಷರಪಾಠವನ್ನಷ್ಟೇ ವಿಮರ್ಶೆ ಮಾಡುತ್ತಿದ್ದೇವೆ. ಹೆಚ್ಚೆಂದರೆ 'ಸಂಗೀತ ಪೂರಕವಾಗಿದೆ' ಎಂದು ಒಂದು ಸಾಲು ಸೇರಿಸುತ್ತೇವೆ. ಯಾವುದಕ್ಕೆ ಪೂರಕ ಎಂದು ಕೇಳುವುದಿಲ್ಲ.

ಮೊದಲು ಪ್ರಬಂಧದ ವಿಷಯ ಹೇಳಬೇಕು. ನಮ್ಮೂರು ಗದಗ. ಮುದ್ರಣಕ್ಕೆ ಹೆಸರಾದ ಊರು. ಅಪ್ಪ ಅಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಮದುವೆ ಕರೆಯೋಲೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ, ಅಪರೂಪಕ್ಕೊಮ್ಮೆ ಯಾರದೋ ಕವನ ಸಂಕಲನ. ಕನ್ನಡದ ಕೇಸು ಇಂಗ್ಲಿಷಿನದಕ್ಕಿಂತ ದೊಡ್ಡದು. ಕಾಗುಣಿತ, ಒತ್ತಕ್ಷರ ಎಲ್ಲದಕ್ಕೂ ಮನೆಗಳು ಬೇಕು. ಎಡಗೈಯಲ್ಲಿ ಸ್ಟಿಕ್ಕು ಹಿಡಿದು, ಬಲಗೈ ತಾನಾಗಿಯೇ ಮನೆಯಿಂದ ಮನೆಗೆ ಓಡಾಡುವಾಗ ಅಪ್ಪ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರುತ್ತದೆ. ಹಾಗೆ ಓದಿ ಓದಿ ಅವನಿಗೆ ಅದೇ ನೇರ ಓದು ಆಗಿತ್ತು. ತೊಂಬತ್ತರ ದಶಕದ ಕೊನೆಗೆ ಆಫ್‌ಸೆಟ್ಟು, ಡಿಟಿಪಿ ಬಂದು ಮೊಳೆಗಳನ್ನು ತೂಕಕ್ಕೆ ಮಾರಿದರು. ಅಪ್ಪ ಬೈಂಡಿಂಗಿಗೆ ಬದಲಾದ. ಪ್ರಬಂಧದಲ್ಲಿ ಇದಿಷ್ಟೇ ಇದೆ. ದೊಡ್ಡ ಘಟನೆ ಇಲ್ಲ. ಅವನ ಸಾವನ್ನು ಕೂಡ ಒಂದೇ ವಾಕ್ಯದಲ್ಲಿ ಹೇಳಿದ್ದೇನೆ.

ಆಡಿಯೊ ಮಾಡುವಾಗ ಇದಕ್ಕೆ ಒಂದೇ ಒಂದು ಸೇರ್ಪಡೆ ಇತ್ತು. ಅಪ್ಪನ ದನಿಯ ಇಪ್ಪತ್ತಮೂರು ಸೆಕೆಂಡಿನ ತುಣುಕು. ಅವನು ತೀರಿಕೊಳ್ಳುವ ನಾಲ್ಕು ತಿಂಗಳ ಮೊದಲು ವಾಟ್ಸ್‌ಆಪಿನಲ್ಲಿ ಕಳಿಸಿದ್ದ ವಾಯ್ಸ್ ಮೆಸೇಜು. ಅದರಲ್ಲಿ ಇರುವುದು ಇಷ್ಟು: "ಊಟ ಆತೇನೋ? ಶನಿವಾರ ಬರಾವಿದ್ರ ಬರೋ ಮುಂದ ಆ ಕಣ್ಣಿನ ಹನಿ ತಗೊಂಡ ಬಾ. ಇಲ್ಲೆ ಸಿಗವಲ್ದು. ಮತ್ತ..." ಅಲ್ಲಿಗೆ ಕಟ್ಟಾಗುತ್ತದೆ. ಇದು ಅವನ ಕೊನೆಯ ಮಾತೇನೂ ಅಲ್ಲ. ಆಮೇಲೆ ನಾಲ್ಕು ತಿಂಗಳು ದಿನಾ ಫೋನಿನಲ್ಲಿ ಮಾತಾಡಿದ್ದೇವೆ. ಮಾತಾಡಿದ್ದು ಉಳಿಯುವುದಿಲ್ಲ, ಮುದ್ರಿಸಿದ್ದು ಉಳಿಯುತ್ತದೆ. ಹಾಗಾಗಿ ಉಳಿದದ್ದು ಇದೊಂದು.

ಮೊದಲ ಆವೃತ್ತಿಗೆ ಸಂಗೀತ ಹುಡುಕಲು ರಾಯಲ್ಟಿ ಕೊಡಬೇಕಿಲ್ಲದ ಸಂಗೀತದ ಒಂದು ಭಂಡಾರಕ್ಕೆ ಹೋದೆ. ಅಲ್ಲಿ ಸಾವಿರಾರು ತುಣುಕುಗಳಿರುತ್ತವೆ. ರಾಗದಿಂದಲೋ, ವಾದ್ಯದಿಂದಲೋ ಹುಡುಕಬಹುದು, ಆದರೆ ಮೊದಲು ಕಣ್ಣಿಗೆ ಬೀಳುವ ವಿಂಗಡಣೆ ಭಾವದ್ದು. ದುಃಖ, ಭರವಸೆ, ನೆನಪು, ಆತಂಕ, ಸ್ಫೂರ್ತಿ ಹೀಗೆ. ಕಿರಾಣಿ ಅಂಗಡಿಯ ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ ಹಾಗೆ. ನಾನು 'ನೆನಪು' ಎಂಬ ಡಬ್ಬಿಯಿಂದ ಒಂದು ಪಿಯಾನೊ ತುಣುಕು ತೆಗೆದುಕೊಂಡೆ. ಅದಕ್ಕೆ ಆಮೇಲೆ ತಂತಿವಾದ್ಯಗಳು ಸೇರಿಕೊಳ್ಳುತ್ತವೆ. ಮಾತಿಗಿಂತ 18 ಡೆಸಿಬಲ್ ಕೆಳಗಿಟ್ಟೆ. ಅಂದರೆ ಕೇಳಿಸಬೇಕು, ಆದರೆ ಕೇಳಿಸಿತು ಎಂದು ಕೇಳುಗನಿಗೆ ಅನಿಸಬಾರದು. ಹಿನ್ನೆಲೆ ಸಂಗೀತದ ಜಾಣತನ ಇರುವುದೇ ಇಲ್ಲಿ. ಅದು ತನ್ನ ಕೆಲಸವನ್ನು ನಮಗೆ ತಿಳಿಯದಂತೆ ಮಾಡುತ್ತದೆ.

ಈ ಡಬ್ಬಿಗಳನ್ನು ನೋಡುವಾಗ ನೆನಪಾದದ್ದು ನಮ್ಮ ಕಾವ್ಯಮೀಮಾಂಸೆಯ ಒಂದು ಹಳೆಯ ಎಚ್ಚರ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನ್ಯಾಲೋಕವನ್ನು ಬರೆದಾಗ ಅವನ ಮುಖ್ಯ ವಾದಗಳಲ್ಲಿ ಒಂದು ಇದು: ರಸವನ್ನು ಅದರ ಹೆಸರು ಹೇಳಿ ಹುಟ್ಟಿಸಲಾಗದು. 'ಶೃಂಗಾರ' ಎಂದು ಬರೆದ ಮಾತ್ರಕ್ಕೆ ಓದುಗನಲ್ಲಿ ಶೃಂಗಾರ ಹುಟ್ಟುವುದಿಲ್ಲ. ವಿಭಾವ, ಅನುಭಾವಗಳನ್ನು, ಅಂದರೆ ಸಂದರ್ಭವನ್ನೂ ಅದಕ್ಕೆ ಮನುಷ್ಯರು ಸ್ಪಂದಿಸುವ ಬಗೆಯನ್ನೂ ಕಟ್ಟಿದರೆ ರಸ ಧ್ವನಿತವಾಗುತ್ತದೆ. ಮುಂದೆ ಮಮ್ಮಟ ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನು ಪಟ್ಟಿ ಮಾಡುವಾಗ, ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಒಂದು ದೋಷವೆಂದು ಎಣಿಸಿದ. ಬರಹದಲ್ಲಿ ಈ ದೋಷವನ್ನು ನಾವು ಚೆನ್ನಾಗಿ ಗುರುತಿಸುತ್ತೇವೆ. 'ಅವನಿಗೆ ತುಂಬಾ ದುಃಖವಾಯಿತು' ಎಂದು ವಿದ್ಯಾರ್ಥಿ ಬರೆದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ಅದೇ ವಿದ್ಯಾರ್ಥಿ ಅದೇ ಜಾಗದಲ್ಲಿ ಪಿಯಾನೊ ಹಾಕಿದರೆ ಚೆನ್ನಾಗಿದೆ ಎನ್ನುತ್ತೇವೆ. ಆದರೆ 'ದುಃಖ' ಎಂದು ಚೀಟಿ ಅಂಟಿಸಿದ ಡಬ್ಬಿಯಿಂದ ತೆಗೆದ ಸಂಗೀತ ಆ ವಾಕ್ಯವನ್ನೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಿದೆ. ದೋಷ ಕಣ್ಣಿನಿಂದ ಕಿವಿಗೆ ವರ್ಗವಾಗಿದೆ, ಅಷ್ಟೇ.

ಇದು ಸಿದ್ಧಾಂತದ ಮಾತಾಯಿತು. ಕಿವಿ ಏನು ಹೇಳುತ್ತದೆ ಎಂದು ನೋಡಲು ನಾನು ಇನ್ನೆರಡು ಆವೃತ್ತಿ ಮಾಡಿದೆ. ಎರಡನೆಯದರಲ್ಲಿ ಸಂಗೀತ ಇಲ್ಲ, ಅಪ್ಪನ ದನಿಯನ್ನು ಸಾಫ್ಟ್‌ವೇರಿನಿಂದ ಶುಚಿ ಮಾಡಿದ್ದೇನೆ. ಮೂರನೆಯದರಲ್ಲಿ ಸಂಗೀತವೂ ಇಲ್ಲ, ಶುಚಿಯೂ ಇಲ್ಲ. ವಾಯ್ಸ್ ಮೆಸೇಜು ಬಂದ ಹಾಗೆಯೇ ಇದೆ.

ಬಂದ ಹಾಗೆ ಎಂದರೆ ಹೇಗೆ? ಅಪ್ಪನ ಮಾತಿನ ಹಿಂದೆ ನೀರು ಬೀಳುವ ಸದ್ದಿದೆ. ನಮ್ಮ ಓಣಿಗೆ ನಳದ ನೀರು ಬರುವುದು ಎಂಟು ಹತ್ತು ದಿನಕ್ಕೊಮ್ಮೆ. ಬಂದಾಗ ಮನೆಯವರೆಲ್ಲ ಕೈಗೆ ಸಿಕ್ಕ ಕೊಡ, ಬಕೆಟ್ಟು, ಬ್ಯಾರಲ್ಲುಗಳ ಜೊತೆ ನಿಂತುಬಿಡುತ್ತಾರೆ. ಅಪ್ಪ ಆ ನಡುವೆಯೇ ಫೋನು ಹಿಡಿದಿದ್ದಾನೆ. ಕೊಡಕ್ಕೆ ನೀರು ಬೀಳುವುದನ್ನು ಗಮನಿಸಿ ಕೇಳಿದವರಿಗೆ ಗೊತ್ತು, ಕೊಡ ತುಂಬುತ್ತ ಹೋದ ಹಾಗೆ ಸದ್ದಿನ ಸ್ಥಾಯಿ ಏರುತ್ತದೆ. ಒಳಗಿನ ಗಾಳಿಯ ಕಂಬ ಗಿಡ್ಡವಾಗುತ್ತ ಹೋಗುವುದರಿಂದ ಹೀಗಾಗುತ್ತದೆ. ಕೊಳಲಿನ ತೂತು ಬಿಟ್ಟ ಹಾಗೆ. ಈ ಇಪ್ಪತ್ತಮೂರು ಸೆಕೆಂಡಿನಲ್ಲಿ ನೀರಿನ ಸ್ವರ ಏರುತ್ತಲೇ ಇದೆ. ಕೊನೆಗೆ ಹಿತ್ತಲಿನಿಂದ ಅವ್ವನ ದನಿ: "ಕೊಡಾ ತುಂಬೇತ್ರಿ!" ಅಪ್ಪ 'ಮತ್ತ...' ಅಂದವನು ಅಲ್ಲಿಗೇ ಬಿಟ್ಟಿದ್ದಾನೆ.

ನಾನು ಪಾಠ ಮಾಡುವ ತರಗತಿಯ ಕೆಲವು ವಿದ್ಯಾರ್ಥಿಗಳಿಗೆ ಈ ಭಾಗವನ್ನು ಕೇಳಿಸಿ ಒಂದೇ ಪ್ರಶ್ನೆ ಕೇಳಿದೆ: ಇವರು 'ಮತ್ತ' ಎಂದು ಯಾಕೆ ನಿಲ್ಲಿಸಿದರು? ಪಿಯಾನೊ ಇದ್ದ ಆವೃತ್ತಿ ಕೇಳಿದವರು ಹೇಳಿದ್ದು, ಏನೋ ಮುಖ್ಯವಾದದ್ದು ಹೇಳಬೇಕಿತ್ತು, ಗಂಟಲು ಕಟ್ಟಿತು, ಹೇಳಲಾಗಲಿಲ್ಲ. ಒಬ್ಬ ಹುಡುಗಿ, ಅವರಿಗೆ ಸಾಯುವುದು ಗೊತ್ತಾಗಿತ್ತು ಅನಿಸುತ್ತದೆ ಎಂದಳು. ಮೂರನೆಯ ಆವೃತ್ತಿ ಕೇಳಿದವರು ನಕ್ಕರು. "ಕೊಡ ತುಂಬಿತಲ್ಲ ಸರ್" ಎಂದರು. ಅವರಲ್ಲಿ ನವಲಗುಂದದ ಕಡೆಯ ಒಬ್ಬ ಹುಡುಗ ಮಾತ್ರ ನಗದೆ, "ನಮ್ಮನ್ಯಾಗೂ ಹಿಂಗ ಸರ್, ನೀರು ಬಂದ್ರ ಯಾರ ಫೋನೂ ಎತ್ತಂಗಿಲ್ಲ" ಎಂದ.

ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಹತ್ತು ಹನ್ನೆರಡು ಮಕ್ಕಳ ಮಾತು. ಆದರೂ ಇಲ್ಲಿ ವಿಮರ್ಶೆಗೆ ಬೇಕಾದದ್ದು ಇದೆ. ಸಂಗೀತ ಭಾವವನ್ನು ದಟ್ಟ ಮಾಡುತ್ತದೆ, ಇದ್ದುದನ್ನೇ ಹೆಚ್ಚಿಸುತ್ತದೆ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಅದು ಹೆಚ್ಚಿಸಲಿಲ್ಲ, ಬದಲಿಸಿತು. ಒಂದು ಕಾರಣವನ್ನು ತೆಗೆದು ಇನ್ನೊಂದು ಕಾರಣವನ್ನು ಇಟ್ಟಿತು. ನೀರಿನ ಅವಸರದಲ್ಲಿ ತುಂಡಾದ ಮಾತು ಸಾವಿನ ಮುನ್ಸೂಚನೆಯಾಯಿತು. ಸ್ವಂತ ಕಥನದಲ್ಲಿ ಇದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ, ನಿಜ ಸುಳ್ಳಿನ ಪ್ರಶ್ನೆಯಾಗುತ್ತದೆ. ಕಟ್ಟುಕಥೆಯಲ್ಲಿ ಪಾತ್ರದ ಕೊನೆಯ ಮಾತನ್ನು ನಾನು ಬೇಕಾದ ಹಾಗೆ ಕಟ್ಟಬಹುದು. ಅಪ್ಪನಿಗೆ ಆಡದ ಕೊನೆಯ ಮಾತನ್ನು ಕೊಡುವ ಹಕ್ಕು ನನಗಿಲ್ಲ. ಒಂದೂ ಪದ ಬದಲಿಸದೆ, ಕೇವಲ ಪಿಯಾನೊದಿಂದ ಅದನ್ನು ಕೊಡಬಹುದು ಎಂಬುದೇ ಇಲ್ಲಿನ ಅಪಾಯ.

ಎರಡನೆಯ ಆವೃತ್ತಿಯ ಕಥೆ ಇನ್ನೂ ಮುಖ್ಯ. ಇಂದಿನ ಎಡಿಟಿಂಗ್ ಸಾಫ್ಟ್‌ವೇರುಗಳಲ್ಲಿ ಮುಖ್ಯ ದನಿಯನ್ನು ಉಳಿಸಿ ಉಳಿದದ್ದನ್ನೆಲ್ಲ ಅಳಿಸುವ ಸೌಲಭ್ಯ ಇರುತ್ತದೆ. ಫ್ಯಾನಿನ ಗುಂಯ್, ರಸ್ತೆಯ ಹಾರ್ನು, ಕುಕ್ಕರಿನ ಸೀಟಿ ಎಲ್ಲ ಒಂದು ಒತ್ತಿಗೆ ಮಾಯ. ಸಂದರ್ಶನಕ್ಕೆ, ಪಾಠಕ್ಕೆ ಇದು ಉಪಕಾರಿ. ಅಪ್ಪನ ಮಾತಿನ ಮೇಲೆ ಅದನ್ನು ಓಡಿಸಿದಾಗ ದನಿ ಎಷ್ಟು ಹತ್ತಿರ ಬಂತೆಂದರೆ ಕಿವಿಯ ಪಕ್ಕ ಕೂತು ಮಾತಾಡಿದ ಹಾಗಾಯಿತು. ಗದಗಿಗೆ ಹೋದಾಗ ಅವ್ವನಿಗೆ ಮೂರನ್ನೂ ಕೇಳಿಸಿದೆ. ಪಿಯಾನೊದ್ದನ್ನು ಕೇಳಿ, "ಛಲೋ ಐತಿ. ಆದ್ರ ಸಿನಿಮಾದಾಗಿನ ಅಪ್ಪ ಅಂದಂಗ ಕೇಳಸ್ತಾರ" ಎಂದಳು. ಎರಡನೆಯದನ್ನು ಕೇಳುವಾಗ ಕಿವಿಯನ್ನು ಫೋನಿಗೆ ಇನ್ನೂ ಹತ್ತಿರ ಹಿಡಿದಳು. ಮುಗಿದ ಮೇಲೆ ಕೇಳಿದ್ದು ಒಂದೇ: "ನಾ ಕೂಗಿದ್ದು ಎಲ್ಲಿ ಹೋತು?"

ಸಾಫ್ಟ್‌ವೇರಿನ ಲೆಕ್ಕದಲ್ಲಿ ಅವ್ವನ ದನಿ ಗದ್ದಲ. ಅದು ಮೈಕಿನಿಂದ ದೂರ ಇದೆ, ಸಣ್ಣದಿದೆ, ಮುಖ್ಯ ದನಿಯಲ್ಲ. ಯಂತ್ರದ ತರ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮನೆಯ ಕಥೆ ಹೇಳಹೊರಟವನು ಈ ತರ್ಕವನ್ನು ಒಪ್ಪಿಕೊಂಡರೆ, ಐವತ್ತು ವರ್ಷ ಆ ದನಿಗೆ ಜೋಡಿಯಾಗಿದ್ದ ಇನ್ನೊಂದು ದನಿಯನ್ನು ಅಳಿಸಿ, ಖಾಲಿಯಾದ ಜಾಗಕ್ಕೆ ಎಲ್ಲಿಯದೋ ಪಿಯಾನೊ ತಂದು ತುಂಬಿದ ಹಾಗಾಗುತ್ತದೆ. ನಾವು ಕೇಳುವ ಎಷ್ಟೋ ಆಡಿಯೊ ಕಥನಗಳು ಹೀಗೆಯೇ ತಯಾರಾಗುತ್ತವೆ ಎಂದು ನನ್ನ ಅನುಮಾನ. ಮೊದಲು ಜಾಗವನ್ನು ಅಳಿಸುತ್ತಾರೆ, ಆಮೇಲೆ ವಾತಾವರಣ ಹಾಕುತ್ತಾರೆ. ಕಲಘಟಗಿಯ ಅಜ್ಜಿಯ ಕಥೆಗೂ ಕೊಡಗಿನ ಕಾಫಿ ತೋಟದ ಕಥೆಗೂ ಅದೇ ಕೊಳಲು, ಅದೇ ಹಕ್ಕಿ, ಅದೇ ಗಾಳಿ ಬರುವುದಕ್ಕೆ ಇದೇ ಕಾರಣ. ಆ ಅಜ್ಜಿಯ ಮನೆಯ ಹಿಂದೆ ಹಿಟ್ಟಿನ ಗಿರಣಿ ಇದ್ದಿರಬಹುದು, ಅವಳ ಮಾತಿಗೆ ಅದೇ ತಾಳವಾಗಿದ್ದಿರಬಹುದು. ನಮಗೆ ಅದು ತಿಳಿಯುವುದೇ ಇಲ್ಲ.

ಆಡಿಯೊ ಕೆಲಸದಲ್ಲಿರುವ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ಒಪ್ಪಲಿಲ್ಲ. ಅವನ ವಾದವನ್ನು ಇಲ್ಲಿ ಪೂರ್ತಿ ಹೇಳಬೇಕು, ಯಾಕೆಂದರೆ ಅದರಲ್ಲಿ ಹುರುಳಿದೆ. ಜನ ಕಥೆಯನ್ನು ಬಸ್ಸಿನಲ್ಲಿ, ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ ಕೇಳುತ್ತಾರೆ. ಪುಸ್ತಕದ ಹಾಗೆ ಎರಡೂ ಕಣ್ಣು ಕೊಟ್ಟು ಕೂರುವುದಿಲ್ಲ. ಬರೀ ಮಾತು ಹನ್ನೊಂದು ನಿಮಿಷ ಒಂದೇ ಸಮ ನಡೆದರೆ ಕಿವಿ ಜಾರಿಬಿಡುತ್ತದೆ. ಸಂಗೀತ ಒಂದು ಕೈತಾಂಗು. ಅಧ್ಯಾಯ ಬದಲಾಯಿತು ಎಂದು ತಿಳಿಸುತ್ತದೆ, ಉಸಿರಾಡಲು ಜಾಗ ಕೊಡುತ್ತದೆ. ಇನ್ನು ಮೌನ ಎನ್ನುತ್ತೀಯಲ್ಲ, ಫೋನಿನಲ್ಲಿ ನಾಲ್ಕು ಸೆಕೆಂಡು ಮೌನ ಇಟ್ಟು ನೋಡು, ಕೇಳುಗ ಜೇಬಿನಿಂದ ಫೋನು ತೆಗೆದು ನೆಟ್‌ವರ್ಕ್ ಹೋಯಿತೇ ಎಂದು ನೋಡುತ್ತಾನೆ. ಪುಸ್ತಕದ ಖಾಲಿ ಪುಟಕ್ಕೆ ಅರ್ಥ ಇದೆ, ಆಡಿಯೊದ ಖಾಲಿ ಜಾಗಕ್ಕೆ ಇಲ್ಲ ಎಂದ.

ಮೌನದ ಬಗ್ಗೆ ಅವನು ಹೇಳಿದ್ದು ನಿಜ, ಆದರೆ ಅದು ಒಂದು ಬಗೆಯ ಮೌನಕ್ಕೆ ಮಾತ್ರ ನಿಜ. ಧ್ವನಿಮುದ್ರಣ ಮಾಡುವವರಿಗೆ ಗೊತ್ತಿರುವ ವಿಚಾರ ಇದು: ಸೊನ್ನೆಯ ಮೌನ ಬೇರೆ, ಕೋಣೆಯ ಮೌನ ಬೇರೆ. ಯಾರೂ ಮಾತಾಡದಿದ್ದಾಗಲೂ ಪ್ರತಿ ಕೋಣೆಗೆ ತನ್ನದೊಂದು ಸದ್ದು ಇರುತ್ತದೆ. ಗೋಡೆ, ಕಿಟಕಿ, ದೂರದ ರಸ್ತೆ, ಫ್ರಿಡ್ಜು ಎಲ್ಲ ಸೇರಿದ್ದು ಅದು. ಅದಕ್ಕಾಗಿಯೇ ಅನುಭವಸ್ಥರು ಮಾತಿನ ಮುದ್ರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ, ಒಂದು ನಿಮಿಷ ಬರೀ ಕೋಣೆಯನ್ನು ಮುದ್ರಿಸಿಕೊಳ್ಳುತ್ತಾರೆ. ಎರಡು ವಾಕ್ಯದ ನಡುವೆ ಸೊನ್ನೆ ಇಟ್ಟರೆ ನೆಟ್‌ವರ್ಕ್ ಹೋದಂತೆ ಕೇಳುತ್ತದೆ. ಕೋಣೆಯ ಸದ್ದನ್ನು ಇಟ್ಟರೆ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದಾನೆ ಎಂದು ಕೇಳುತ್ತದೆ.

ಇದನ್ನು ಅಪ್ಪನ ಕಸುಬು ನನಗೆ ಮೊದಲೇ ಕಲಿಸಿತ್ತು. ಕಂಪ್ಯೂಟರಿನಲ್ಲಿ ಖಾಲಿ ಜಾಗ ಎಂದರೆ ಏನೂ ಇಲ್ಲದ್ದು. ಮೊಳೆಯ ಕೆಲಸದಲ್ಲಿ ಹಾಗಲ್ಲ. ಪದ ಪದದ ನಡುವೆ ಜಾಗ ಬೇಕೆಂದರೆ ಅಲ್ಲಿ ಅಕ್ಷರವಿಲ್ಲದ ಮೊಳೆ ಇಡಬೇಕು. ಸಾಲು ಸಾಲಿನ ನಡುವೆ ಜಾಗ ಬೇಕೆಂದರೆ ಲೆಡ್ಡಿನ ಪಟ್ಟಿ ಇಡಬೇಕು. ಅವೂ ಲೋಹದವೇ. ಅವೂ ತೂಗುತ್ತವೆ, ಅವನ್ನೂ ಕೈಯಿಂದಲೇ ಆರಿಸಬೇಕು. ಎತ್ತರ ಕಮ್ಮಿ ಇರುವುದರಿಂದ ಶಾಯಿ ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಅವಿಲ್ಲದಿದ್ದರೆ ಇಡೀ ಪುಟ ಸಡಿಲವಾಗಿ ಎತ್ತುವಾಗ ಉದುರಿಬಿಡುತ್ತದೆ. ಆಡಿಯೊದಲ್ಲೂ ಬಿಡುವು ಹೀಗೆ ಕೈಯಾರೆ ಆರಿಸಿಟ್ಟದ್ದಾಗಿರಬೇಕು. ಸಂಗೀತ ಹಾಕಿ ಮುಚ್ಚಬೇಕಾದ ತೂತು ಎಂದು ಅದನ್ನು ನೋಡುವುದರಿಂದಲೇ ತೊಂದರೆ ಶುರುವಾಗುತ್ತದೆ.

ಗೆಳೆಯನ ಇನ್ನೊಂದು ಮಾತು, ಕೇಳುಗನಿಗೆ ಆಸರೆ ಬೇಕು ಎಂಬುದು. ಇದಕ್ಕೆ ಉತ್ತರ ನಮ್ಮ ಪರಂಪರೆಯಲ್ಲೇ ಇದೆ. ಗಂಟೆಗಟ್ಟಲೆ ಕಥೆ ಕೇಳಿಸಿದ ಸಮಾಜ ನಮ್ಮದು, ಸಂಗೀತವಿಲ್ಲದೆ ಕೇಳಿಸಿದ್ದಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆಯನ್ನು ನೋಡಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪೂರ್ತಿ ಕಿವಿಯ ಕಲೆ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ಚೆಂಡೆ ಕೂಡುತ್ತವೆ. ಪದ್ಯ ಮುಗಿದು ಅರ್ಥಧಾರಿ ಮಾತು ಶುರು ಮಾಡಿದ ಮೇಲೆ ವಾದ್ಯಗಳು ಹಿಂದೆ ಸರಿಯುತ್ತವೆ. ಅರ್ಧ ಗಂಟೆ ಕರ್ಣ ಮಾತಾಡಲಿ, ಆ ಮಾತನ್ನು ಆ ಮಾತೇ ಹೊತ್ತುಕೊಳ್ಳಬೇಕು. ಹರಿಕಥೆಯಲ್ಲಿ ದಾಸರು ಹಾಡುತ್ತಾರೆ, ನಿಲ್ಲಿಸಿ ಕಥೆ ಹೇಳುತ್ತಾರೆ, ಮತ್ತೆ ಹಾಡುತ್ತಾರೆ. ಗದಗಿನವರಿಗೆ ಕುಮಾರವ್ಯಾಸ ಮನೆಯ ಮನುಷ್ಯ. ಅವನ ಭಾರತವನ್ನು ಗಮಕಿ ರಾಗದಲ್ಲಿ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಬರೀ ಮಾತಿನಲ್ಲಿ ಬಿಡಿಸುತ್ತಾರೆ. ಒಬ್ಬರಾದ ಮೇಲೆ ಒಬ್ಬರು. ರಾಗವಿದ್ದಾಗ ಅದು ಕಾವ್ಯದ ಮೈಯಲ್ಲೇ ಇರುತ್ತದೆ, ಕೆಳಗೆ ಹಾಸಿದ ಜಮಖಾನೆಯಾಗಿ ಅಲ್ಲ.

ಈ ಮೂರರಲ್ಲೂ ಕಾಣುವ ಸಾಮಾನ್ಯ ನಿಯಮ ಸರದಿಯದು. ಸಂಗೀತ ಮಾತಿಗೆ ಮೊದಲು ಬರುತ್ತದೆ ಅಥವಾ ಆಮೇಲೆ ಬರುತ್ತದೆ. ಬಂದಾಗ ಎದ್ದು ಕಾಣುವ ಹಾಗೆ ಬರುತ್ತದೆ. ಕೇಳುಗನಿಗೆ ಇದು ಹಾಡು, ಇದು ಮಾತು ಎಂಬ ತಿಳಿವಳಿಕೆ ಇರುತ್ತದೆ. ಹಾಗಾಗಿ ಹಾಡು ಏನು ಹೇಳಿತು, ಮಾತು ಅದಕ್ಕೆ ಒಪ್ಪಿತೋ ತಕರಾರು ತೆಗೆಯಿತೋ ಎಂದು ತೂಗಿ ನೋಡುವ ಸ್ವಾತಂತ್ರ್ಯವೂ ಇರುತ್ತದೆ. ಒಳ್ಳೆಯ ಅರ್ಥಧಾರಿ ಪದ್ಯದ ಅರ್ಥವನ್ನೇ ತಿರುಗಿಸಿ ಹೇಳಿದಾಗ ಸಭೆ ತಲೆದೂಗುವುದು ಈ ಸ್ವಾತಂತ್ರ್ಯದಿಂದ. ಮಾತಿನ ಅಡಿಯಲ್ಲಿ 18 ಡೆಸಿಬಲ್ ಕೆಳಗೆ ಹರಿಯುವ ಪಿಯಾನೊದ ಜೊತೆ ತಕರಾರು ತೆಗೆಯುವುದು ಹೇಗೆ? ಅದು ಇದೆ ಎಂದೇ ಗೊತ್ತಿರುವುದಿಲ್ಲ.

ಹೊಸ ಮಾಧ್ಯಮಗಳಲ್ಲೂ ಇದನ್ನು ತಿಳಿದು ಕೆಲಸ ಮಾಡಿದವರಿದ್ದಾರೆ. ಸ್ಯಾಮ್ಯುಯೆಲ್ ಬೆಕೆಟ್ 1956ರಲ್ಲಿ ಬಿಬಿಸಿಗಾಗಿ ಬರೆದ 'ಆಲ್ ದಟ್ ಫಾಲ್' ರೇಡಿಯೊ ನಾಟಕದಲ್ಲಿ ಶೂಬರ್ಟನ 'ಡೆತ್ ಅಂಡ್ ದಿ ಮೇಡನ್' ಬರುತ್ತದೆ. ಹೆಸರೇ ಸಾವಿನದು, ಹಿನ್ನೆಲೆಗೆ ಹಾಸಿಬಿಡಲು ಹೇಳಿ ಮಾಡಿಸಿದ್ದು. ಬೆಕೆಟ್ ಹಾಗೆ ಮಾಡಲಿಲ್ಲ. ಮುದುಕಿ ಮ್ಯಾಡಿ ರೂನಿ ಸ್ಟೇಷನ್ನಿನ ದಾರಿಯಲ್ಲಿ ನಡೆದು ಹೋಗುವಾಗ, ದಾರಿ ಬದಿಯ ಹಳೆಯ ಮನೆಯೊಂದರಿಂದ ಅದು ಕೇಳಿಬರುತ್ತದೆ. ಅವಳು ನಿಂತು ಕೇಳುತ್ತಾಳೆ, ಆ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸಿಗಾಗಿ ಮರುಗುತ್ತಾಳೆ, ಮುಂದೆ ಹೋಗುತ್ತಾಳೆ. ಸಂಗೀತಕ್ಕೆ ಒಂದು ವಿಳಾಸ ಇದೆ. ಅದನ್ನು ಪಾತ್ರವೂ ಕೇಳುತ್ತಿದ್ದಾಳೆ, ನಾವೂ ಕೇಳುತ್ತಿದ್ದೇವೆ. 1962ರ 'ವರ್ಡ್ಸ್ ಅಂಡ್ ಮ್ಯೂಸಿಕ್' ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಮಾತು ಮತ್ತು ಸಂಗೀತ ಇಬ್ಬರೂ ಪಾತ್ರಗಳೇ. ಒಬ್ಬ ಮುದುಕ ಯಜಮಾನನ ಇಬ್ಬರು ಆಳುಗಳು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ, ಜಗಳವಾಡುತ್ತ ಆಡುತ್ತ ಕೊನೆಗೆ ಮಾತು ತಾನಾಗಿಯೇ ಸಂಗೀತವನ್ನು ಬೇಡಿಕೊಳ್ಳುವ ಹಂತಕ್ಕೆ ಬರುತ್ತದೆ. ಹಿಮ್ಮೇಳ ಮುಮ್ಮೇಳಗಳನ್ನು ಕಂಡ ನಮಗೆ ಇದು ಅಷ್ಟೇನೂ ಹೊಸದಾಗಿ ಕೇಳಬೇಕಿಲ್ಲ.

ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಯ (1955) ಒಂದು ದೃಶ್ಯವನ್ನೂ ನೆನೆಯಬಹುದು. ದುರ್ಗಾ ಸತ್ತಿದ್ದಾಳೆ. ಅದು ತಿಳಿಯದ ಅಪ್ಪ ಹರಿಹರ ಊರಿಂದ ಬಂದು, ತಂದದ್ದನ್ನೆಲ್ಲ ಒಂದೊಂದಾಗಿ ತೋರಿಸುತ್ತ ಮಗಳಿಗೆ ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಸರ್ಬಜಯಾಳ ಅಳು ಒಡೆಯುತ್ತದೆ. ಆದರೆ ಆ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರರ ಸಂಗೀತದ ತಾರ್ ಶಹನಾಯಿ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಇಲ್ಲಿ ಸಂಗೀತ ಅಳುವಿನ ಕೆಳಗೆ ಇಲ್ಲ, ಅಳುವಿನ ಬದಲಿಗೆ ಇದೆ. ದನಿ ಹೋಗಲಾಗದ ಕಡೆ ಅದು ಹೋಗಿದೆ. ಸಂಗೀತವೇ ಬೇಡ ಎನ್ನುವುದು ನನ್ನ ವಾದವಾಗಿದ್ದರೆ ಈ ಒಂದು ದೃಶ್ಯ ಅದನ್ನು ಬೀಳಿಸಲು ಸಾಕು. ನನ್ನ ವಾದ ಇಷ್ಟೇ: ಸಂಗೀತ ಬಂದಾಗ ಅದಕ್ಕೊಂದು ಜಾಗ ಇರಬೇಕು, ಒಂದು ಕಾರಣ ಇರಬೇಕು, ಅದನ್ನು ಕೇಳಿಸಿಕೊಳ್ಳುವಷ್ಟು ಸದ್ದು ಇರಬೇಕು.

ಕೊನೆಗೆ ನಾನು ಇಟ್ಟುಕೊಂಡದ್ದು ಮೂರನೆಯ ಆವೃತ್ತಿಯನ್ನು. ಅದಕ್ಕೆ ಒಂದೇ ಕಡೆ ಸಂಗೀತ ಸೇರಿಸಿದೆ. ಅಪ್ಪನ ಪ್ರೆಸ್ಸಿನ ಎದುರು ಮನೆಯಲ್ಲಿ ಒಬ್ಬ ಮಾಸ್ತರರು ಹುಡುಗರಿಗೆ ಪೇಟಿ ಕಲಿಸುತ್ತಿದ್ದರು. ಗದಗಿನಲ್ಲಿ ಇದು ಅಪರೂಪವಲ್ಲ. ವೀರೇಶ್ವರ ಪುಣ್ಯಾಶ್ರಮದ ಊರು, ಸಂಗೀತ ಕಲಿಯುವ ಮಕ್ಕಳು ಓಣಿಗೊಬ್ಬರು. ಮುಂಜಾನೆಯಿಂದ ಅದೇ ಸರಿಗಮ, ಅದೇ ಕಡೆ ತಪ್ಪುವ ಅದೇ ಹುಡುಗ. ಅಪ್ಪ ಆ ಸದ್ದಿನಲ್ಲೇ ಇಪ್ಪತ್ತು ವರ್ಷ ಮೊಳೆ ಜೋಡಿಸಿದ. ಪ್ರಬಂಧದಲ್ಲಿ ಇದು ಒಂದು ಸಾಲು. ಆಡಿಯೊಕ್ಕಾಗಿ, ಈಗಷ್ಟೇ ಪೇಟಿ ಕಲಿಯುತ್ತಿರುವ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳ ಅಭ್ಯಾಸವನ್ನು ರಸ್ತೆಯ ಈಚೆ ಬದಿಯಿಂದ ಮುದ್ರಿಸಿಕೊಂಡೆ. ನಡುವೆ ಒಂದು ಬೈಕು ಹಾದುಹೋಗುತ್ತದೆ, ಹುಡುಗಿ ನಿಷಾದದ ಹತ್ತಿರ ಎಡವುತ್ತಾಳೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಮೊಳೆಗಳನ್ನು ತೂಕಕ್ಕೆ ಮಾರಿದರು ಎಂಬ ವಾಕ್ಯ ಮುಗಿದ ಮೇಲೆ ಇದು ಹದಿನಾಲ್ಕು ಸೆಕೆಂಡು ಒಂದೇ ಕೇಳುತ್ತದೆ. ನಾನು ಆಗ ಮಾತಾಡುವುದಿಲ್ಲ. ಅದು ದುಃಖದ ಸಂಗೀತವೋ ಅಲ್ಲವೋ ನನಗೂ ಹೇಳಲು ಬರುವುದಿಲ್ಲ. ಪ್ರೆಸ್ಸು ಮುಚ್ಚಿದ ಮರುದಿನವೂ ಎದುರು ಮನೆಯಲ್ಲಿ ಪಾಠ ನಡೆದಿರುತ್ತದೆ ಎಂಬುದಷ್ಟೇ ಅದರಲ್ಲಿ ಇದೆ.

ಈ ಆವೃತ್ತಿಯನ್ನು ಕೇಳಿದ ಎಲ್ಲರೂ ಮೆಚ್ಚಲಿಲ್ಲ. ಸಂಗೀತ ಇದ್ದದ್ದೇ ಮನಸ್ಸಿಗೆ ತಟ್ಟುತ್ತಿತ್ತು ಎಂದವರು ಹಲವರು. ಅವರ ಅನುಭವ ಸುಳ್ಳಲ್ಲ. ಪಿಯಾನೊದ ಆವೃತ್ತಿಯಲ್ಲಿ ಕಣ್ಣು ತುಂಬಿಕೊಂಡವರಿದ್ದಾರೆ, ಕೊಡದ ಆವೃತ್ತಿಯಲ್ಲಿ ಯಾರೂ ಅಳಲಿಲ್ಲ. ಅಳು ಬರಿಸುವುದೇ ಅಳತೆಯಾದರೆ ನಾನು ಕೆಟ್ಟದ್ದನ್ನು ಆರಿಸಿಕೊಂಡಿದ್ದೇನೆ. ಆದರೆ ಆ ಅಳು ಯಾರಿಗಾಗಿ ಎಂಬ ಪ್ರಶ್ನೆ ವಿಮರ್ಶಕನಿಗೆ ಇದ್ದೇ ಇರುತ್ತದೆ. ಪಿಯಾನೊ ಕೇಳಿ ಅತ್ತವರು ಒಬ್ಬ ಅಪ್ಪನಿಗಾಗಿ ಅತ್ತರು, ಅವರವರ ಅಪ್ಪನಿಗಾಗಿಯೂ ಇರಬಹುದು. ನೀರಿನ ಸದ್ದು ಕೇಳಿದವರಿಗೆ ಸಿಕ್ಕಿದ್ದು ಗದಗಿನ ಒಂದು ಓಣಿಯಲ್ಲಿ ಕಣ್ಣಿನ ಹನಿ ಬೇಕಾಗಿದ್ದ, ಹೆಂಡತಿ ಕೂಗಿದರೆ ಮಗನ ಜೊತೆಗಿನ ಮಾತನ್ನು ಅರ್ಧಕ್ಕೆ ಬಿಟ್ಟು ಕೊಡ ಎತ್ತಲು ಹೋಗುತ್ತಿದ್ದ ಒಬ್ಬ ಮನುಷ್ಯ. ಬರೆಯುವವರು ನಾವು, ಈ ಎರಡನೆಯದು ಹೆಚ್ಚು ಕಷ್ಟದ್ದು ಎಂದು ಬಲ್ಲೆವು.

ಆದ್ದರಿಂದ ಆಡಿಯೊ ಕಥನ ಮಾಡಲು ಹೊರಟ ವಿದ್ಯಾರ್ಥಿಗಳಿಗೆ, ಅದನ್ನು ವಿಮರ್ಶೆ ಮಾಡುವವರಿಗೂ, ಮೂರು ಪ್ರಶ್ನೆಗಳನ್ನು ಕೊಡಬಲ್ಲೆ. ಈ ಸಂಗೀತವನ್ನು ಕಥೆಯೊಳಗೆ ಯಾರಾದರೂ ಕೇಳುತ್ತಿದ್ದಾರೆಯೇ? ಇದನ್ನು ತೆಗೆದರೆ ವಾಕ್ಯದ ಅರ್ಥ ಬದಲಾಗುತ್ತದೆಯೇ, ಬದಲಾದರೆ ಯಾವ ಅರ್ಥ ನಿಜವಾದದ್ದು? ಇದನ್ನು ಹಾಕುವ ಮೊದಲು ಅಲ್ಲಿಂದ ಏನನ್ನು ಅಳಿಸಲಾಗಿದೆ? ಮೂರನೆಯ ಪ್ರಶ್ನೆಯನ್ನು ಕೇಳುಗ ಕೇಳಲಾರ, ಅಳಿಸಿದ್ದು ಅವನಿಗೆ ಕೇಳಿಸುವುದಿಲ್ಲ. ಅದನ್ನು ಮಾಡುವವನೇ ಕೇಳಿಕೊಳ್ಳಬೇಕು, ಆದರೆ ಒಬ್ಬನೇ ಕೂತು ಕೇಳಿಕೊಂಡರೂ ಸಾಲದು. ಆ ಮುದ್ರಣ ನಡೆದ ಹೊತ್ತು ಆ ಮನೆಯಲ್ಲಿ ಇದ್ದ ಇನ್ನೊಬ್ಬರಿಗೆ ಒಮ್ಮೆ ಕೇಳಿಸಬೇಕು. ತಮ್ಮ ದನಿ ಎಲ್ಲಿ ಹೋಯಿತು ಎಂದು ಅವರೇ ಹೇಳುತ್ತಾರೆ.